ಬೆಳೆದ ಮಕ್ಕಳ ಸಂಸಾರ ಮುರಿದಾಗ ತಾಯಿ ನಿಭಾಯಿಸುವುದು ಹೇಗೆ

"ಅಮ್ಮಾ, ನಾವಿಬ್ಬರೂ ಬೇರೆಯಾಗ್ತಿದ್ದೀವಿ." ಮಗಳೋ ಮಗನೋ ಈ ಮಾತನ್ನು ಬಾಯಿಬಿಟ್ಟು ಹೇಳುವ ಹೊತ್ತಿಗೆ ಅದನ್ನು ತಿಂಗಳುಗಟ್ಟಲೆ, ಎಷ್ಟೋ ಸಲ ವರ್ಷಗಟ್ಟಲೆ, ಒಳಗೇ ನುಂಗಿಕೊಂಡು ಬಂದಿರುತ್ತಾರೆ. ನಿಮಗೆ ಮಾತ್ರ ಅದು ಈಗ ತಾನೇ ಬಂದೆರಗಿದ ಸುದ್ದಿ. ಮುಂದೆ ಆಗುವ ಬಹುಪಾಲು ಎಡವಟ್ಟುಗಳಿಗೆ ಈ ಅಂತರವೇ ಮೂಲ. ಅವರು ಅತ್ತು, ಜಗಳವಾಡಿ, ಯೋಚಿಸಿ, ಸುಸ್ತಾಗಿ ಒಂದು ಕಡೆ ಬಂದು ನಿಂತಿರುತ್ತಾರೆ. ನೀವು ಈಗಷ್ಟೇ ಹೊರಟಿರುತ್ತೀರಿ. "ಇನ್ನೊಂದು ಸಲ ಕೂತು ಮಾತಾಡಿ ನೋಡಬಾರದಾ?" ಎಂದು ನೀವು ಪ್ರೀತಿಯಿಂದಲೇ ಕೇಳುತ್ತೀರಿ. ಅವರ ಕಿವಿಗೆ ಅದು "ನೀನು ಸಾಕಷ್ಟು ಪ್ರಯತ್ನ ಮಾಡಲಿಲ್ಲ" ಎಂದು ಬೀಳುತ್ತದೆ.

ಹಾಗಾಗಿ ಆ ದಿನ ಏನನ್ನೂ ಸರಿಮಾಡಲು ಹೋಗಬೇಡಿ. ಮದುವೆ ಅವರದು, ತೀರ್ಮಾನವೂ ಅವರದು. ನಿಮ್ಮ ಪಾಲಿಗೆ ಇರುವ ಕೆಲಸ ಬೇರೆ, ಅದೂ ಸಾಕಷ್ಟು ದೊಡ್ಡದೇ.

ಮೊದಲ ಮಾತು, ಮೊದಲ ವಾರ

ಸುದ್ದಿ ಕೇಳಿದ ಕೂಡಲೇ ಬಾಯಿಗೆ ಏನು ಬರುತ್ತದೋ ಅದು ಮಕ್ಕಳಿಗೆ ವರ್ಷಗಟ್ಟಲೆ ನೆನಪಿರುತ್ತದೆ. ಅದಕ್ಕೇ ಎರಡು ಮೂರು ವಾಕ್ಯಗಳನ್ನು ಮೊದಲೇ ನಾಲಿಗೆಯ ಮೇಲೆ ಇಟ್ಟುಕೊಂಡಿರುವುದು ಒಳ್ಳೆಯದು. "ಹೇಳಿದ್ದು ಒಳ್ಳೇದಾಯ್ತು. ನಾನಿದ್ದೀನಿ." ಆಮೇಲೆ, "ಈಗ ನಿನಗೆ ಏನು ಬೇಕು? ಮಾತಾಡಬೇಕಾ, ಸುಮ್ಮನೆ ಜೊತೆಗಿರಬೇಕಾ, ಏನಾದರೂ ಕೆಲಸ ಆಗಬೇಕಾ?" ಮೂರನೆಯದು ಎಲ್ಲರೂ ಮರೆಯುವ ಪ್ರಶ್ನೆ: "ಇದು ಯಾರಿಗೆಲ್ಲ ಗೊತ್ತು? ನಾನು ಯಾರಿಗೆ ಹೇಳಬಹುದು, ಯಾರಿಗೆ ಹೇಳಬಾರದು?" ಈ ಪ್ರಶ್ನೆ ಕೇಳದೆ ಅದೇ ಸಂಜೆ ತಂಗಿಗೆ ಫೋನ್ ಮಾಡಿ ಅತ್ತ ತಾಯಿಗೆ ಮುಂದಿನ ಸುದ್ದಿಗಳು ಮಗಳಿಂದ ಬರುವುದಿಲ್ಲ, ಊರವರಿಂದ ಬರುತ್ತವೆ.

ಇಂದು ರಾತ್ರಿ ಎಲ್ಲಿ ಮಲಗುತ್ತೀಯ, ಮಕ್ಕಳು ಯಾರ ಹತ್ತಿರ ಇದ್ದಾರೆ, ಯಾರಿಂದಲಾದರೂ ಭಯವಿದೆಯಾ ಎಂಬ ಮೂರು ವಿಚಾರವನ್ನು ಮಾತ್ರ ಆ ದಿನವೇ ತಿಳಿದುಕೊಳ್ಳಿ. "ಯಾಕೆ ಹೀಗಾಯ್ತು" ಎಂಬುದು ಕಾಯಬಹುದು. ಪೂರ್ತಿ ಕಾರಣ ನಿಮಗೆ ಎಂದೂ ತಿಳಿಯದೇ ಹೋಗಬಹುದು, ತಿಳಿಯದೆಯೂ ನೆರವಾಗಬಹುದು. ಕೆದಕಿ ಕೆದಕಿ ಕೇಳಿದರೆ ಇನ್ನೊಂದು ತೊಂದರೆಯೂ ಇದೆ. ದುಃಖದ ಭರದಲ್ಲಿ ಮಲಗುವ ಕೋಣೆಯ ವಿಷಯವನ್ನೂ ಹೇಳಿಕೊಂಡ ಮಕ್ಕಳು ತಿಂಗಳು ಕಳೆದ ಮೇಲೆ ನಾಚಿಕೊಂಡು ನಿಮ್ಮಿಂದ ದೂರ ಸರಿಯುತ್ತಾರೆ.

ಹೇಳಬಾರದ ಮಾತುಗಳಲ್ಲಿ "ಜನ ಏನಂತಾರೆ", "ನಾನು ಮೊದಲೇ ಹೇಳಿದ್ದೆ", "ಮಕ್ಕಳ ಮುಖ ನೋಡಿಯಾದರೂ" ಇವು ಎಲ್ಲರಿಗೂ ಗೊತ್ತಿರುವಂಥವು. ಗೊತ್ತಾಗದೆ ಜಾರುವ ಮಾತು ಇದು: "ನನಗೆ ಮೊದಲಿಂದಲೂ ಅವನು ಇಷ್ಟವಿರಲಿಲ್ಲ." ಕೇಳಲು ಬೆಂಬಲದಂತೆ ಇರುತ್ತದೆ. ಆದರೆ ನಿಮ್ಮ ಮಗಳು ಆರಿಸಿಕೊಂಡು ಇಷ್ಟು ವರ್ಷ ಬಾಳಿದವನ ಬಗ್ಗೆ ಹೀಗಂದರೆ ಅವಳ ಬುದ್ಧಿಯನ್ನೇ ಹೀಗಳೆದಂತಾಯಿತು, ಇಷ್ಟು ದಿನ ನೀವು ನಗುನಗುತ್ತಾ ಮಾತಾಡಿದ್ದು ನಾಟಕ ಎಂದೂ ಆಯಿತು. ಜೊತೆಗೆ, ಬೇರೆಯಾದವರು ಕೆಲವೊಮ್ಮೆ ಮತ್ತೆ ಒಂದಾಗುತ್ತಾರೆ. ಆಗ ಅವರಿಬ್ಬರೂ ಎಲ್ಲವನ್ನೂ ಮರೆತರೂ ನೀವು ಅಂದ ಮಾತು ಮನೆಯಲ್ಲಿ ಉಳಿದುಬಿಡುತ್ತದೆ. ಸೊಸೆಯ ವಿಚಾರದಲ್ಲೂ ಇಷ್ಟೇ. ಬೈಗುಳವನ್ನು ಮಗ ಬೈಯಲಿ, ನೀವು "ತುಂಬಾ ನೋವಾಗಿದೆ ನಿನಗೆ" ಎಂದಷ್ಟೇ ಹೇಳಿ. ಆ ಮಾತು ಹೂಂ ಎಂದಂತೆಯೂ ಅಲ್ಲ, ಇಲ್ಲ ಎಂದಂತೆಯೂ ಅಲ್ಲ.

ದಿನಕ್ಕೆ ಐದು ಸಲ ಫೋನ್ ಮಾಡಿ "ಊಟ ಆಯ್ತಾ, ನಿದ್ದೆ ಬಂತಾ" ಎಂದು ಕೇಳುವುದು ಕಾಳಜಿಯೇ. ಆದರೆ ಪ್ರತಿ ಸಲವೂ "ನಾನು ಚೆನ್ನಾಗಿದ್ದೀನಿ" ಎಂದು ನಿಮ್ಮನ್ನು ಸಮಾಧಾನ ಮಾಡುವ ಕೆಲಸ ಅವರ ಮೇಲೆ ಬೀಳುತ್ತದೆ. ದಿನಕ್ಕೊಂದು ಅಥವಾ ಎರಡು ದಿನಕ್ಕೊಂದು ಮೆಸೇಜ್ ಸಾಕು: "ಉತ್ತರ ಬೇಡ. ನೆನಪಾಯ್ತು, ಅಷ್ಟೇ." "ಏನಾದರೂ ಬೇಕಿದ್ದರೆ ಹೇಳು" ಎನ್ನುವುದರಿಂದಲೂ ಪ್ರಯೋಜನ ಕಡಿಮೆ. ತಲೆ ಕೆಟ್ಟಿರುವವರಿಗೆ ಏನು ಬೇಕು ಎಂದು ಯೋಚಿಸುವುದೇ ಒಂದು ಭಾರ. ದಿನ, ಹೊತ್ತು, ಕೆಲಸ ಮೂರನ್ನೂ ನೀವೇ ಹೇಳಿ: "ಗುರುವಾರ ಸಂಜೆ 4ರಿಂದ 7ರವರೆಗೆ ಮಕ್ಕಳನ್ನು ನಾನು ನೋಡಿಕೊಳ್ಳಲಾ? ಹೂಂ ಅಥವಾ ಬೇಡ ಅಂದರೆ ಸಾಕು."

ಭಯದ ವಿಷಯವಿದ್ದರೆ ಲೆಕ್ಕವೇ ಬೇರೆ

ಹೊಡೆತ, ಬೆದರಿಕೆ, ಬೆನ್ನತ್ತುವುದು, ಹಣವನ್ನೆಲ್ಲ ಕಸಿದುಕೊಂಡು ಕೂರುವುದು, ಇವುಗಳಲ್ಲಿ ಯಾವುದಾದರೂ ಇದ್ದರೆ ಮೇಲೆ ಹೇಳಿದ ತಟಸ್ಥ ಮಾತು ಸಲ್ಲದು. "ಸ್ವಲ್ಪ ಸಹಿಸಿಕೋ" ಎನ್ನಲೇಬೇಡಿ, ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸಲೂ ಹೋಗಬೇಡಿ. ಹಿಂಸೆ ಮಾಡುವವರಿಂದ ಬಿಡಿಸಿಕೊಂಡು ಹೊರಡುವ ಹೊತ್ತು ಮತ್ತು ಅದರ ನಂತರದ ಕೆಲವು ವಾರಗಳೇ ಎಲ್ಲಕ್ಕಿಂತ ಅಪಾಯದವು. ಮಗಳು ಎಲ್ಲಿದ್ದಾಳೆ ಎಂದು ಯಾರು ಕೇಳಿದರೂ, ನಂಬಿಕಸ್ಥರೇ ಕೇಳಿದರೂ, ವಿಳಾಸ ಹೇಳಬೇಡಿ. ಗುರುತಿನ ಪತ್ರ, ಮಕ್ಕಳ ಜನನ ಪತ್ರ, ಬ್ಯಾಂಕ್ ಕಾಗದ, ಔಷಧ ಚೀಟಿ ಇವುಗಳ ಪ್ರತಿಗಳನ್ನೂ ಒಂದು ಜೊತೆ ಬಟ್ಟೆಯನ್ನೂ ನಿಮ್ಮ ಮನೆಯಲ್ಲಿ ಒಂದು ಚೀಲದಲ್ಲಿ ಇಟ್ಟಿರಿ. ಗಾಯದ ಫೋಟೋ, ನಡೆದ ದಿನ, ಹೊತ್ತು, ಆಡಿದ ಮಾತು ಆಯಾ ದಿನವೇ ಬರೆದಿಟ್ಟರೆ ಮುಂದೆ ಪೊಲೀಸರ ಮುಂದೆಯೂ ನ್ಯಾಯಾಲಯದಲ್ಲೂ ಕೆಲಸಕ್ಕೆ ಬರುತ್ತದೆ. ಮಗಳು ಮತ್ತೆ ಆ ಮನೆಗೇ ಹೋದರೂ ಮುನಿಸಿಕೊಳ್ಳಬೇಡಿ. ಹೀಗೆ ಹೋಗಿ ಬಂದು ಮಾಡುವುದು ಅಪರೂಪವಲ್ಲ. ನಿಮ್ಮ ಬಾಗಿಲೂ ಮುಚ್ಚಿತು ಎಂದಾದರೆ ಮುಂದಿನ ಸಲ ಬರಲು ಅವಳಿಗೆ ಜಾಗವಿರುವುದಿಲ್ಲ.

ಹಿಂಸೆ ಮಾಡಿದ್ದು ನಿಮ್ಮ ಮಗನೇ ಆಗಿದ್ದರೆ? ಬರೆಯಲೂ ಕಷ್ಟವಾದ ಮಾತು ಇದು, ಆದರೂ ಹೇಳಲೇಬೇಕು. ಅವನನ್ನು ಪ್ರೀತಿಸಬಹುದು, ಅನ್ನ ಹಾಕಬಹುದು, ಚಿಕಿತ್ಸೆಗೆ ಕರೆದುಕೊಂಡು ಹೋಗಬಹುದು. ಅವನ ಪರವಾಗಿ ಸುಳ್ಳು ಹೇಳಬಾರದು, ಸೊಸೆಗೆ ಫೋನ್ ಮಾಡಿ ದೂರು ವಾಪಸ್ ತೆಗೆದುಕೋ ಎನ್ನಬಾರದು.

ಇನ್ನೊಂದು ಭಯವೂ ಇದೆ. "ಬದುಕೇ ಬೇಡ" ಎಂಬ ಧಾಟಿ ಕೇಳಿದರೆ, ವಸ್ತುಗಳನ್ನು ಹಂಚಿಬಿಡುವುದು, ವಿದಾಯ ಹೇಳುವಂಥ ಮಾತು ಕಂಡರೆ, ನೇರವಾಗಿ ಕೇಳಿ: "ಸಾಯುವ ಯೋಚನೆ ಬರ್ತಿದೆಯಾ?" ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೂಂ ಎಂದರೆ ಒಬ್ಬರನ್ನೇ ಬಿಡಬೇಡಿ, ಮಾತ್ರೆ, ವಿಷ, ಹಗ್ಗದಂಥವನ್ನು ಕೈಗೆ ಸಿಗದಂತೆ ಮಾಡಿ, ಅವತ್ತೇ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ.

ನಿಮ್ಮ ದುಃಖಕ್ಕೂ ಒಂದು ಜಾಗ ಬೇಕು

ಮನೋವೈದ್ಯರಾದ ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ 1967ರಲ್ಲಿ ಬದುಕಿನ 43 ಘಟನೆಗಳನ್ನು ಪಟ್ಟಿಮಾಡಿ, ಯಾವುದು ಎಷ್ಟು ಹೊರೆ ಎಂದು ಅಂಕ ಕೊಟ್ಟರು. ಸಂಗಾತಿಯ ಸಾವಿಗೆ 100, ವಿಚ್ಛೇದನಕ್ಕೆ 73, ಗಂಡಹೆಂಡತಿ ದೂರವಾಗುವುದಕ್ಕೆ 65. ಮಗ ಅಥವಾ ಮಗಳು ಮನೆ ಬಿಟ್ಟು ಹೊರಡುವುದಕ್ಕೂ 29 ಅಂಕ ಇದೆ. ಮಕ್ಕಳ ಸಂಸಾರ ಮುರಿಯುವುದು ಮಾತ್ರ ಆ ಪಟ್ಟಿಯಲ್ಲೇ ಇಲ್ಲ. ನಿಮ್ಮ ಸುತ್ತಲಿನವರ ಲೆಕ್ಕದಲ್ಲೂ ಅದು ಇರುವುದಿಲ್ಲ. "ಮಗಳು ಹೇಗಿದ್ದಾಳೆ?" ಎಂದು ಎಲ್ಲರೂ ವಿಚಾರಿಸುತ್ತಾರೆ, "ನೀವು ಹೇಗಿದ್ದೀರಿ?" ಎಂದು ಕೇಳುವವರು ಕಡಿಮೆ.

ಸಮಾಜ ಲೆಕ್ಕಕ್ಕೆ ತೆಗೆದುಕೊಳ್ಳದ ಇಂಥ ದುಃಖವನ್ನು ಕೆನೆತ್ ಡೋಕಾ ಎಂಬ ವಿದ್ವಾಂಸರು 1989ರಲ್ಲಿ ಬೇರೆಯೇ ಹೆಸರಿಟ್ಟು ಗುರುತಿಸಿದರು. ಒಪ್ಪಿಗೆ ಸಿಗದ ದುಃಖ ಬೇಗ ಮಾಯುವುದಿಲ್ಲ ಎಂಬುದು ಅವರ ಮಾತಿನ ತಿರುಳು. ಅದಕ್ಕೂ ಮುಂಚೆ, 1970ರ ದಶಕದಲ್ಲಿ, ಕುಟುಂಬ ಚಿಕಿತ್ಸಕಿ ಪಾಲಿನ್ ಬಾಸ್ "ಅಸ್ಪಷ್ಟ ನಷ್ಟ"ದ ಬಗ್ಗೆ ಹೇಳಿದ್ದರು: ವ್ಯಕ್ತಿ ಎಲ್ಲೋ ಬದುಕಿಯೇ ಇದ್ದಾರೆ, ನಿಮ್ಮ ಪಾಲಿಗೆ ಮಾತ್ರ ಇಲ್ಲ. ಹತ್ತು ವರ್ಷ ಮನೆಮಗಳಂತಿದ್ದ ಸೊಸೆ ಒಂದು ದಿನ ಬೆಳಗಾಗುವುದರಲ್ಲಿ ಫೋನ್ ಮಾಡಬಾರದವಳಾಗುತ್ತಾಳೆ. ಸತ್ತಿದ್ದರೆ ಅಳಬಹುದಿತ್ತು. ಇಲ್ಲಿ ಅಳುವುದಕ್ಕೂ ಕಾರಣ ಕೊಡಬೇಕಾಗುತ್ತದೆ. ಇದು ನಿಮ್ಮ ಮನಸ್ಸಿನ ದೌರ್ಬಲ್ಯವಲ್ಲ ಎಂದು ಗೊತ್ತಿರಲಿ.

ಆದರೆ ಆ ಅಳುವನ್ನು ಮಗನ ಅಥವಾ ಮಗಳ ಮುಂದೆ ಹಾಕಬೇಡಿ. ಒಮ್ಮೆ ಕಣ್ಣು ತುಂಬಿ ಬಂದರೆ ಪರವಾಗಿಲ್ಲ. ಪ್ರತಿ ಭೇಟಿಯಲ್ಲೂ ನೀವೇ ಅತ್ತರೆ ಅವರು ತಮ್ಮ ನೋವನ್ನು ಮುಚ್ಚಿಟ್ಟು ನಿಮ್ಮನ್ನು ಸಂತೈಸಲು ನಿಲ್ಲುತ್ತಾರೆ. ಏಟು ಬಿದ್ದವರು ನಡುವೆ ಇದ್ದಾರೆ, ಸುತ್ತ ಸುತ್ತುಗಳಲ್ಲಿ ನಾವೆಲ್ಲ ಇದ್ದೇವೆ ಎಂದುಕೊಳ್ಳಿ. ಸಾಂತ್ವನ ಒಳಕ್ಕೆ ಹೋಗಲಿ, ಗೋಳು ಹೊರಗಿನ ಸುತ್ತಿಗೆ ಹೋಗಲಿ. ಅದಕ್ಕಾಗಿ ಒಬ್ಬರನ್ನು, ಹೆಚ್ಚೆಂದರೆ ಇಬ್ಬರನ್ನು ಆರಿಸಿಕೊಳ್ಳಿ. ಅವರು ಎರಡೂ ಕಡೆಯ ಸಂಬಂಧಿಕರಲ್ಲದವರು, ನಿಮ್ಮ ಮಗಳ ಮನೆಗೆ ಹೋಗಿ ಬರುವವರಲ್ಲದವರು, ಹೇಳಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಬಲ್ಲವರು ಆಗಿರಬೇಕು. ಅಂಥವರು ಯಾರೂ ಇಲ್ಲದಿದ್ದರೆ ಆಪ್ತಸಮಾಲೋಚಕರು ಇದ್ದಾರೆ.

ಬರೆಯುವುದೂ ಒಂದು ದಾರಿ. ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್ 1980ರ ದಶಕದಲ್ಲಿ ಪರೀಕ್ಷಿಸಿದ ಕ್ರಮ ಸರಳ: ಸತತ 4 ದಿನ, ದಿನಕ್ಕೆ 15 ನಿಮಿಷ, ಕೈ ಎತ್ತದೆ ಬರೆಯಬೇಕು. ಏನಾಯಿತು ಎಂಬುದಷ್ಟೇ ಬೇಡ, ಆದದ್ದರ ಬಗ್ಗೆ ನಿಮಗೆ ಏನನ್ನಿಸುತ್ತದೆ ಎಂಬುದೂ ಬರಬೇಕು. ಅಕ್ಷರ, ವ್ಯಾಕರಣ ನೋಡಬೇಡಿ. ಬರೆದ ಮೇಲೆ ಸ್ವಲ್ಪ ಹೊತ್ತು ಮನಸ್ಸು ಭಾರವಾಗುವುದು ಸಹಜ, ಆದ್ದರಿಂದ ಮಲಗುವ ಮುಂಚೆ ಬರೆಯದೆ ಬೆಳಗ್ಗೆಯೋ ಮಧ್ಯಾಹ್ನವೋ ಬರೆಯಿರಿ. ನಾಲ್ಕನೆಯ ದಿನ ಕಾಗದ ಹರಿದುಹಾಕಿ, ಏಕೆಂದರೆ ಅದು ಯಾರ ಕೈಗೂ ಸಿಗಬಾರದು. ಬರೆದಷ್ಟೂ ಸಂಕಟ ಹೆಚ್ಚುತ್ತಿದ್ದರೆ ಬಿಟ್ಟುಬಿಡಿ, ಎಲ್ಲರಿಗೂ ಇದು ಹಿಡಿಸುವುದಿಲ್ಲ.

"ನಾನು ಎಲ್ಲಿ ತಪ್ಪಿದೆ?" ಎಂಬ ಪ್ರಶ್ನೆ ರಾತ್ರಿ ಎರಡು ಗಂಟೆಗೆ ಬರುತ್ತದೆ. ಹಗಲಲ್ಲಿ ಕೂತು ಅದಕ್ಕೆ ಉತ್ತರ ಕೊಡಿ. ಹಾಳೆಯ ನಡುವೆ ಗೆರೆ ಎಳೆದು ಎಡಕ್ಕೆ ನಿಮ್ಮ ಕೈಯಲ್ಲಿದ್ದದ್ದು, ಬಲಕ್ಕೆ ಇಲ್ಲದ್ದು ಬರೆಯಿರಿ. ಬಲಗಡೆಯೇ ಉದ್ದವಾಗುತ್ತದೆ. ಎಡಗಡೆ ನಿಜವಾಗಿಯೂ ಒಂದು ತಪ್ಪು ಉಳಿದರೆ, ಮದುವೆಗೆ ಒತ್ತಾಯ ಮಾಡಿದ್ದೋ, ಅವರ ಮನೆಯ ವಿಷಯದಲ್ಲಿ ಬಾಯಿ ಹಾಕಿದ್ದೋ, ಅದನ್ನು ಮಗಳಿಗೆ ಒಮ್ಮೆ ಹೇಳಿಬಿಡಿ: "ಆವತ್ತು ನಾನು ಒತ್ತಾಯ ಮಾಡಿದೆ. ಅದು ತಪ್ಪು. ಕ್ಷಮಿಸು." ವಿವರಣೆ ಬೇಡ, ಉತ್ತರವನ್ನೂ ಕಾಯಬೇಡಿ, ಮತ್ತೆ ಮತ್ತೆ ಹೇಳಲೂಬೇಡಿ. ಹತ್ತು ಸಲ ಕೇಳಿದ ಕ್ಷಮೆ "ನಿನ್ನ ತಪ್ಪಿಲ್ಲಮ್ಮ" ಎಂದು ಅವಳಿಂದ ಹೇಳಿಸಿಕೊಳ್ಳುವ ಉಪಾಯವಾಗುತ್ತದೆ.

ದೇಹದ ಕಡೆ ಗಮನವಿರಲಿ. ಬಿಪಿ, ಶುಗರ್, ಥೈರಾಯ್ಡ್ ಮಾತ್ರೆ ತಪ್ಪುವುದು ಇಂಥ ವಾರಗಳಲ್ಲೇ. ಮಾತ್ರೆಯನ್ನು ವಾರದ ಡಬ್ಬಿಗೆ ಹಾಕಿಟ್ಟರೆ ನುಂಗಿದ್ದೋ ಇಲ್ಲವೋ ಎಂಬ ಗೊಂದಲ ಇರುವುದಿಲ್ಲ. ಎರಡು ವಾರ ದಿನವೂ ಮನಸ್ಸು ಕುಸಿದೇ ಇದ್ದರೆ, ಯಾವುದರಲ್ಲೂ ಆಸಕ್ತಿ ಹುಟ್ಟದಿದ್ದರೆ, ನಿದ್ದೆ ಹಸಿವು ಕೆಟ್ಟಿದ್ದರೆ ವೈದ್ಯರನ್ನು ಕಾಣಿ. "ಮಗಳ ಚಿಂತೆ ಅಷ್ಟೇ" ಎಂದು ತಿಂಗಳುಗಟ್ಟಲೆ ತಳ್ಳಿದರೆ ಖಿನ್ನತೆ ಬೇರೂರುತ್ತದೆ. ಗಂಡನ ದುಃಖದ ಓಟ ನಿಮ್ಮಂತೆಯೇ ಇರಬೇಕಿಲ್ಲ. ಅವರು ಮಾತಾಡದೆ ಕೆಲಸದಲ್ಲಿ ಮುಳುಗಿದರೆ ಅದನ್ನು ಕಲ್ಲುಮನಸ್ಸು ಎಂದುಕೊಂಡು ಇನ್ನೊಂದು ಜಗಳ ಶುರುಮಾಡಬೇಡಿ.

ಕೇಳುವವರಿಗೆ ಏನು ಹೇಳುವುದು

ಮಗಳ ಜೊತೆ ಕೂತು ಒಂದೇ ಒಂದು ವಾಕ್ಯ ಒಪ್ಪಿಕೊಳ್ಳಿ, ಮನೆಯವರೆಲ್ಲ ಅದನ್ನೇ ಹೇಳಲಿ. "ಅವರಿಬ್ಬರೂ ಬೇರೆಯಾಗಿದ್ದಾರೆ. ಅದು ಅವರ ತೀರ್ಮಾನ. ಇದರ ಬಗ್ಗೆ ನಾನು ಹೆಚ್ಚು ಮಾತಾಡಲ್ಲ." ಎರಡನೆಯ ಸಲ ಕೇಳಿದರೂ ಇದೇ ಮಾತು, ಮೂರನೆಯ ಸಲವೂ ಇದೇ ಮಾತು, ಅದೇ ಪದಗಳಲ್ಲಿ. ಒಂದು ಪದ ಬದಲಾದರೆ ಅದರಿಂದಲೇ ಹೊಸ ಪ್ರಶ್ನೆ ಹುಟ್ಟುತ್ತದೆ. "ಯಾರ ತಪ್ಪು?" ಎಂದು ಕೇಳಿದವರಿಗೆ "ಅದನ್ನು ನಾನು ತೂಗೋಕೆ ಹೋಗಲ್ಲ" ಎಂದರೆ ಸಾಕು.

ಮೆಸೇಜ್‌ಗಳ ಬಗ್ಗೆ ಎಚ್ಚರ. ವಾಟ್ಸಾಪ್‌ನಲ್ಲಿ ಬರೆದದ್ದು, ಆಡಿಯೋ ಕಳಿಸಿದ್ದು, ಸ್ಟೇಟಸ್ ಹಾಕಿದ್ದು ಸ್ಕ್ರೀನ್‌ಶಾಟ್ ಆಗಿ ವಕೀಲರ ಕೈ ಸೇರುತ್ತದೆ, ಎಷ್ಟೋ ಕಡೆ ನ್ಯಾಯಾಲಯದಲ್ಲಿ ಸಾಕ್ಷಿಯಾಗಿ ಹಾಜರಾಗುತ್ತದೆ. ತಾಯಿ ಸಿಟ್ಟಿನಲ್ಲಿ ಬರೆದ ಒಂದು ಸಾಲು, "ಮೊಮ್ಮಗುವನ್ನು ಅವಳಿಗೆ ತೋರಿಸೋದೇ ಇಲ್ಲ" ಎಂಬಂಥದ್ದು, ಮಗನ ಪಾಲಿಗೆ ಮುಳ್ಳಾಗುತ್ತದೆ. ಕುಟುಂಬದ ಗ್ರೂಪ್‌ನಿಂದ ಸೊಸೆಯನ್ನೋ ಅಳಿಯನನ್ನೋ ಥಟ್ಟನೆ ತೆಗೆದುಹಾಕಬೇಡಿ. ಅವರು ಇಲ್ಲದ ಹೊಸ ಗ್ರೂಪ್ ಮಾಡಿಕೊಂಡು ಹಳೆಯದನ್ನು ಮೌನವಾಗಿರಲು ಬಿಡಿ.

ಸೊಸೆ, ಅಳಿಯ, ಬೀಗರು

ನಿಮ್ಮ ಮಗನಿಗೆ ಅವಳು ಮಾಜಿ ಹೆಂಡತಿ ಆಗಬಹುದು, ಆದರೆ ಮೊಮ್ಮಗುವಿಗೆ ಅವಳೇ ಅಮ್ಮ. ಮಕ್ಕಳಿರುವ ಕಡೆ ಈ ಸಂಬಂಧವನ್ನು ಕಡಿಯದಿರುವುದು ನೀವು ಮಾಡಬಹುದಾದ ಅತಿ ದೊಡ್ಡ ಕೆಲಸ. ಅದಕ್ಕೆ ಕಾನೂನಿನ ಕಾರಣವೂ ಇದೆ: ಅಜ್ಜ ಅಜ್ಜಿಗೆ ಮೊಮ್ಮಕ್ಕಳನ್ನು ನೋಡುವ ಹಕ್ಕು ತಾನಾಗಿಯೇ ಬರುವ ದೇಶಗಳು ಕಡಿಮೆ. ಅಮೆರಿಕದ ಸುಪ್ರೀಂ ಕೋರ್ಟ್ 2000ರಲ್ಲಿ ಟ್ರಾಕ್ಸೆಲ್ ಪ್ರಕರಣದಲ್ಲಿ ಅಜ್ಜ ಅಜ್ಜಿಯ ಬಯಕೆಗಿಂತ ತಾಯಿಯ ತೀರ್ಮಾನಕ್ಕೇ ಹೆಚ್ಚು ತೂಕ ಕೊಟ್ಟಿತು. ಮಗು ಯಾರ ಹತ್ತಿರ ಬೆಳೆಯುತ್ತದೋ ಅವರ ಮನಸ್ಸು ಒಡೆದರೆ ನಿಮ್ಮ ಪಾಲಿಗೆ ಕೋರ್ಟಿನ ಬಾಗಿಲು ಮಾತ್ರ ಉಳಿಯುತ್ತದೆ, ಅದು ನಿಧಾನದ ದಾರಿ.

ಹೇಗೆ ಮಾಡಬೇಕು? ಮೊದಲು ನಿಮ್ಮ ಮಗನಿಗೆ ತಿಳಿಸಿ. ಕದ್ದುಮುಚ್ಚಿ ಮಾತಾಡಿದ್ದು ಗೊತ್ತಾದರೆ ಅವನಿಗೆ ಅದು ದ್ರೋಹದಂತೆ ಕಾಣುತ್ತದೆ. "ನಿನ್ನ ವಿಷಯ ಏನೂ ಮಾತಾಡಲ್ಲ, ಮಗುವಿನ ದೃಷ್ಟಿಯಿಂದ ಒಂದು ಮೆಸೇಜ್ ಕಳಿಸ್ತೀನಿ" ಎನ್ನಿ. ಅವನು ಕೆರಳಿದರೆ ಎರಡು ಮೂರು ವಾರ ತಡೆಯಿರಿ. ಆಮೇಲೆ ಸೊಸೆಗೆ ಚಿಕ್ಕದಾಗಿ: "ನಿಮ್ಮಿಬ್ಬರ ವಿಷಯದಲ್ಲಿ ನಾನು ಮಧ್ಯೆ ಬರಲ್ಲಮ್ಮ. ನೀನು ಮಗುವಿನ ಅಮ್ಮ, ನನಗೆ ಆ ಗೌರವ ಯಾವತ್ತೂ ಇರುತ್ತೆ. ನಿನಗೆ ಅನುಕೂಲವಾದಾಗ ಮಗುವನ್ನು ನೋಡುವ ಆಸೆಯಿದೆ." ಇಷ್ಟೇ. ಕ್ಷಮೆ, ಆರೋಪ, "ಮತ್ತೆ ಯೋಚನೆ ಮಾಡು" ಯಾವುದೂ ಬೇಡ. ಉತ್ತರ ಬರದಿದ್ದರೆ ತಿಂಗಳ ನಂತರ ಒಮ್ಮೆ, ಮಗುವಿನ ಹುಟ್ಟುಹಬ್ಬಕ್ಕೊಮ್ಮೆ. ಮಗ ದೃಢವಾಗಿ ಬೇಡವೆಂದರೆ, ಮಕ್ಕಳೂ ಇಲ್ಲದಿದ್ದರೆ, ಬಿಟ್ಟುಬಿಡಬೇಕಾಗುತ್ತದೆ.

ಸುದ್ದಿ ಸಾಗಿಸುವವರಾಗಬೇಡಿ. ಇಬ್ಬರ ನಡುವೆ ಬಿಸಿ ಏರಿದಾಗ ಮೂರನೆಯವರನ್ನು ಎಳೆದುಕೊಳ್ಳುವ ಈ ತ್ರಿಕೋನವನ್ನು ಅಮೆರಿಕದ ಮನೋವೈದ್ಯ ಮರ್ರೆ ಬೋವೆನ್ ಬಹಳ ಚೆನ್ನಾಗಿ ವಿವರಿಸಿದ್ದಾರೆ. ತಾಯಿಯನ್ನು ಎಳೆದುಕೊಳ್ಳುವುದು ಎಲ್ಲಕ್ಕಿಂತ ಸುಲಭ. "ಅವಳಿಗೆ ಹೇಳಮ್ಮ, ಶನಿವಾರ ಬರೋಕಾಗಲ್ಲ" ಎಂದರೆ, "ಅದನ್ನು ನೀನೇ ಬರೆದು ಕಳಿಸು" ಎನ್ನಿ. ಒಂದು ಸಲ ಒಯ್ದರೆ ಮುಂದಿನದೆಲ್ಲ ನಿಮ್ಮ ಹೆಗಲಿಗೇ ಬರುತ್ತದೆ, ತಪ್ಪಿ ತಲುಪಿದ ಮಾತಿನ ಹೊಣೆಯೂ ನಿಮ್ಮದೇ ಆಗುತ್ತದೆ. ಬೀಗರ ಜೊತೆಗೂ ಇದೇ ನಿಯಮ: ಮಕ್ಕಳ ಜಗಳವನ್ನು ನೀವುಗಳು ಮುಂದುವರಿಸಬೇಡಿ. ಎದುರು ಸಿಕ್ಕರೆ ನಮಸ್ಕಾರ, ಮೊಮ್ಮಗುವಿನ ಒಂದು ಮಾತು, ಅಲ್ಲಿಗೆ ನಿಲ್ಲಲಿ.

ಮೊಮ್ಮಕ್ಕಳು

ತಂದೆತಾಯಿ ಬೇರೆಯಾದ ಮಕ್ಕಳನ್ನು ಹೆಚ್ಚು ಹಿಂಡುವುದು ಮುಗಿಯದ ಜಗಳ ಮತ್ತು ಅದರ ನಡುವೆ ಸಿಕ್ಕಿಕೊಳ್ಳುವುದು. ಅಜ್ಜಿಯ ಮನೆ ಆ ಜಗಳ ಹೊಸಿಲು ದಾಟದ ಜಾಗವಾಗಬೇಕು. ಊಟದ ಹೊತ್ತು, ಮಲಗುವ ಹೊತ್ತು, ಮಲಗುವ ಮುಂಚಿನ ಕತೆ, ಅವರದೇ ತಟ್ಟೆ, ಅವರದೇ ಹೊದಿಕೆ, ಯಾವುದೂ ಬದಲಾಗದಿರಲಿ. ಮಗುವಿನ ಜಗತ್ತಿನಲ್ಲಿ ಎಲ್ಲವೂ ಅಲುಗುತ್ತಿರುವಾಗ ಈ ಸಣ್ಣ ಸಂಗತಿಗಳೇ ನೆಲ. ಕರುಣೆಯಿಂದ ನಿಯಮಗಳನ್ನೆಲ್ಲ ಸಡಿಲ ಮಾಡಿ ರಾತ್ರಿ ಹನ್ನೊಂದರವರೆಗೆ ಟಿವಿ ಬಿಡುವುದು ಆ ನೆಲವನ್ನೇ ಅಲುಗಿಸಿದಂತೆ.

ಎಷ್ಟೋ ಮಕ್ಕಳು, ಅದರಲ್ಲೂ ಏಳೆಂಟು ವರ್ಷದೊಳಗಿನವರು, ತಮ್ಮಿಂದಲೇ ಹೀಗಾಯಿತು ಎಂದುಕೊಳ್ಳುತ್ತಾರೆ. ಕೇಳದಿದ್ದರೂ ಹೇಳಿ: "ಇದು ದೊಡ್ಡವರ ವಿಷಯ. ನೀನು ಮಾಡಿದ ಯಾವುದರಿಂದಲೂ ಆಗಿದ್ದಲ್ಲ. ಅಮ್ಮ ನಿನ್ನ ಅಮ್ಮನೇ, ಅಪ್ಪ ನಿನ್ನ ಅಪ್ಪನೇ." ವಾರಕ್ಕೊಮ್ಮೆಯಾದರೂ, ಅದೇ ಮಾತಿನಲ್ಲಿ. "ಅಪ್ಪ ಮತ್ತೆ ಬರ್ತಾರಾ?" ಎಂದರೆ ಗೊತ್ತಿಲ್ಲದ್ದಕ್ಕೆ ಹೂಂ ಎನ್ನಬೇಡಿ. "ಅದನ್ನು ಅಮ್ಮ ಅಪ್ಪ ಹೇಳ್ತಾರೆ. ಅಪ್ಪನ ನೆನಪಾಗ್ತಿದೆಯಾ?" ಎನ್ನಿ. ಹದಿಹರೆಯದವರು ಬೇರೆ ಥರ. ಎದುರು ಕೂರಿಸಿ ಕೇಳಿದರೆ ಬಾಯಿ ಬಿಡುವುದಿಲ್ಲ, ಪಕ್ಕಪಕ್ಕ ನಡೆಯುವಾಗ ಅಥವಾ ಕೆಲಸ ಮಾಡುವಾಗ ತಾವಾಗಿಯೇ ಒಂದು ಮಾತು ಆಡುತ್ತಾರೆ. ಆಗ ಉಪದೇಶ ಕೊಡದೆ ಕೇಳಿಸಿಕೊಳ್ಳಿ.

ಆ ಮನೆಯಲ್ಲಿ ಏನು ನಡೆಯುತ್ತದೆ, ಯಾರು ಬಂದಿದ್ದರು ಎಂದು ಮಗುವನ್ನು ಕೇಳಬೇಡಿ. "ಅಪ್ಪನಿಗೆ ಹೇಳಬೇಡ" ಎಂಬ ಗುಟ್ಟನ್ನೂ ಅದರ ತಲೆಗೆ ಕಟ್ಟಬೇಡಿ. ಆ ಮನೆಯಿಂದ ಬಂದ ಮೊದಲ ಒಂದು ಗಂಟೆ ಮಗು ಮಂಕಾಗಿಯೋ ರೇಗಾಟದಲ್ಲೋ ಇರುತ್ತದೆ. "ಅಲ್ಲಿ ಏನೋ ಆಗಿದೆ" ಎಂದು ಊಹಿಸುವ ಮುಂಚೆ ಸುಮ್ಮನೆ ಆಡಲು ಬಿಡಿ, ಒಂದು ಮನೆಯಿಂದ ಇನ್ನೊಂದಕ್ಕೆ ಹೊಂದಿಕೊಳ್ಳಲು ಅಷ್ಟು ಹೊತ್ತು ಬೇಕು. ಹಾಸಿಗೆ ಒದ್ದೆ ಮಾಡುವುದು, ಬಿಟ್ಟೂ ಬಿಡದೆ ಅಂಟಿಕೊಳ್ಳುವುದು ಕೆಲವು ವಾರ ಮರುಕಳಿಸಬಹುದು. ತಿಂಗಳುಗಳಾದರೂ ಇಳಿಯದಿದ್ದರೆ, ಶಾಲೆಗೆ ಹೋಗಲು ಒಪ್ಪದಿದ್ದರೆ, ಮಕ್ಕಳ ವೈದ್ಯರಿಗೆ ತೋರಿಸಲು ಅವರ ತಂದೆತಾಯಿಗೆ ಹೇಳಿ. ಏಟು ಅಥವಾ ಲೈಂಗಿಕ ಕಿರುಕುಳದ ಮಾತು ಮಗುವಿನ ಬಾಯಿಂದ ಬಂದರೆ ಗುಟ್ಟು ಉಳಿಸುವ ಪ್ರಶ್ನೆಯೇ ಇಲ್ಲ. ಮಗುವಿನ ಪದಗಳಲ್ಲೇ ಬರೆದಿಟ್ಟು, ಮತ್ತೆ ಮತ್ತೆ ಕೇಳಿ ಹಿಂಸಿಸದೆ, ಅಂದೇ ಸಂಬಂಧಪಟ್ಟವರಿಗೆ ತಿಳಿಸಿ.

ಹಣ, ಮನೆ

ಕೊಡುವ ಮುಂಚೆ ನಿಮ್ಮ ಲೆಕ್ಕ ನೋಡಿಕೊಳ್ಳಿ: ತಿಂಗಳ ಖರ್ಚು, ಔಷಧ, ಆಸ್ಪತ್ರೆಗೆಂದು ಇಟ್ಟದ್ದು. ಅದನ್ನು ಮುಟ್ಟದೆ ಎಷ್ಟು ಕೊಡಬಹುದೋ ಆ ಒಟ್ಟು ಮೊತ್ತವನ್ನು ಮೊದಲೇ ನಿಗದಿ ಮಾಡಿ. ತಿಂಗಳಿಗಿಷ್ಟು ಎಂದು ಶುರುಮಾಡಿದರೆ ಕೊನೆ ಕಾಣುವುದಿಲ್ಲ, ವ್ಯಾಜ್ಯಗಳು ವರ್ಷಗಟ್ಟಲೆ ಎಳೆಯುತ್ತವೆ. ಇದು ಸಾಲವೋ ಉಡುಗೊರೆಯೋ ಎಂಬುದು ತಾಯಿ ಮಕ್ಕಳ ನಡುವೆಯೂ ಕಾಗದದಲ್ಲಿರಲಿ, ದಿನಾಂಕ, ಮೊತ್ತ, ಇಬ್ಬರ ಸಹಿ ಸಮೇತ. ನಗದು ಬೇಡ, ಬ್ಯಾಂಕ್ ಮೂಲಕ ಕೊಡಿ. ಆಸ್ತಿ ಹಂಚುವ ಹೊತ್ತಿನಲ್ಲಿ ಆ ಹಣ ಯಾರದು ಎಂಬ ಪ್ರಶ್ನೆ ಎದ್ದೇಳುತ್ತದೆ, ಆಗ ಬಾಯಿಮಾತು ನಿಲ್ಲುವುದಿಲ್ಲ. ಉಳಿದ ಮಕ್ಕಳಿಗೂ ತಿಳಿಸಿ, ಗುಟ್ಟಾಗಿ ಕೊಟ್ಟ ಹಣ ಒಡಹುಟ್ಟಿದವರ ನಡುವೆ ಇನ್ನೊಂದು ಬಿರುಕು ಮಾಡುತ್ತದೆ.

"ಸ್ವಲ್ಪ ದಿನ ಈ ಹಣ ನಿನ್ನ ಖಾತೆಯಲ್ಲಿರಲಮ್ಮ" ಎಂದು ಮಕ್ಕಳು ಕೇಳುವುದುಂಟು. ಒಪ್ಪಬೇಡಿ. ನ್ಯಾಯಾಲಯದಿಂದ ಆಸ್ತಿ ಮುಚ್ಚಿಡುವುದಕ್ಕೆ ನಿಮ್ಮ ಹೆಸರು ಬಳಕೆಯಾದರೆ ನೀವೂ ಆ ವ್ಯಾಜ್ಯದೊಳಗೆ ಬೀಳುತ್ತೀರಿ. ಇರುವ ಮನೆಯನ್ನು ಅಡ ಇಡುವುದು, ಸಾಲಕ್ಕೆ ಜಾಮೀನು ಹಾಕುವುದು ಕೂಡ ಬೇಡ. ವಕೀಲರ ಹತ್ತಿರ ಜೊತೆಗೆ ಹೋದರೂ ಮಾತುಕತೆಯ ಹೊತ್ತಿಗೆ ಹೊರಗೆ ಕೂರಿ. ಮೂರನೆಯವರು ಎದುರಿದ್ದರೆ ವಕೀಲರ ಜೊತೆಗಿನ ಮಾತಿನ ಗೋಪ್ಯತೆಗೆ ಎಷ್ಟೋ ಕಡೆ ರಕ್ಷಣೆ ಸಿಗುವುದಿಲ್ಲ. ತಾಯಿ ಎದುರಿದ್ದರೆ ಹೇಳಬೇಕಾದ್ದನ್ನು ಮಕ್ಕಳು ನುಂಗಿಕೊಳ್ಳುತ್ತಾರೆ ಎಂಬುದೂ ಇದೆ.

ಮಗನೋ ಮಗಳೋ ನಿಮ್ಮ ಮನೆಗೇ ಮರಳಿ ಬಂದರೆ ಮೊದಲ ವಾರ ಏನೂ ಕೇಳದೆ ಇರಲು ಬಿಡಿ. ಎರಡನೆಯ ವಾರ ಒಂದು ಸಂಜೆ ಕೂತು ಮಾತಾಡಿ. ಅವಧಿ 3 ತಿಂಗಳು ಎಂದಿಟ್ಟುಕೊಂಡು, ಆಮೇಲೆ ಮತ್ತೆ ಕೂತು ನೋಡೋಣ ಎನ್ನಿ. ಇದು ಹೊರಗೆ ಹಾಕುವ ಗಡುವು ಅಲ್ಲ ಎಂದೂ ಬಾಯಿಬಿಟ್ಟು ಹೇಳಿ. ಖರ್ಚಿನಲ್ಲಿ ಅವರ ಪಾಲು, ಅಡುಗೆ ಬಟ್ಟೆಯ ಕೆಲಸ ಯಾರದು, ತಡವಾದರೆ ತಿಳಿಸಬೇಕೋ ಬೇಡವೋ, ವಾರದಲ್ಲಿ ಯಾವ ದಿನ ನೀವು ಮಗುವನ್ನು ನೋಡಿಕೊಳ್ಳುವುದಿಲ್ಲ, ಮಗುವಿನ ವಿಷಯದಲ್ಲಿ ಕೊನೆಯ ಮಾತು ಯಾರದು, ಇಷ್ಟನ್ನು ತೀರ್ಮಾನಿಸಿ. ಕೊನೆಯ ಮಾತು ತಂದೆ ಅಥವಾ ತಾಯಿಯದೇ ಆಗಿರಬೇಕು. ಇದು ಕೆಟ್ಟರೆ ಮಗು ಎಲ್ಲದಕ್ಕೂ ಅಜ್ಜಿಯ ಮುಖ ನೋಡುತ್ತದೆ, ಆಗಲೇ ಕುಗ್ಗಿರುವ ನಿಮ್ಮ ಮಗಳು ಇನ್ನಷ್ಟು ಕುಗ್ಗುತ್ತಾಳೆ. ಸಾಮಾನ್ಯವಾಗಿ ಆಗುವ ಇನ್ನೊಂದು ತಪ್ಪು, 35 ವರ್ಷದವಳನ್ನು 15ರವಳಂತೆ ನೋಡುವುದು. ಮೊದಲ ತಿಂಗಳು ಅವಳ ಮೂರು ಕೆಲಸ ನೀವು ಮಾಡಿಕೊಟ್ಟಿದ್ದರೆ ಮೂರನೆಯ ತಿಂಗಳಿಗೆ ಅದು ಒಂದಕ್ಕೆ ಇಳಿಯಲಿ, ಯಾವುದನ್ನು ಬಿಡುತ್ತೀರಿ ಎಂದು ವಾರ ಮೊದಲೇ ಹೇಳಿ ಬಿಡಿ.

ಮುಂದೆ ಬರುವ ದಿನಗಳು

ಕ್ಯಾಲೆಂಡರ್‌ನಲ್ಲಿ ನಾಲ್ಕೈದು ದಿನಗಳನ್ನು ಗುರುತು ಹಾಕಿಟ್ಟುಕೊಳ್ಳಿ: ಅವರ ಮದುವೆಯ ದಿನ, ಕೋರ್ಟಿನ ದಿನಾಂಕಗಳು, ತೀರ್ಪಿನ ದಿನ, ಮಗುವಿನ ಹುಟ್ಟುಹಬ್ಬ. ಆ ದಿನಗಳಲ್ಲಿ ಚೆನ್ನಾಗಿದ್ದವರೂ ಕುಸಿಯುತ್ತಾರೆ. ತೀರ್ಪು ಬಂದ ದಿನ ಸಮಾಧಾನವಾಗುತ್ತದೆ ಎಂದು ಎಲ್ಲರೂ ಕಾಯುತ್ತಾರೆ, ಎಷ್ಟೋ ಜನಕ್ಕೆ ಅಂದೇ ದುಃಖ ಹೊಸದಾಗಿ ಶುರುವಾಗುತ್ತದೆ. ಅಂದು ಮಾತು ಕಡಿಮೆ ಮಾಡಿ ಜೊತೆಗಿರಿ.

ಹೊಸ ಸಂಗಾತಿ ಬಂದಾಗ ಮೊದಲ ಭೇಟಿ ಒಂದು ಗಂಟೆ ಮೀರದಿರಲಿ. ಹಳೆಯ ಹೆಸರು ಬಾಯಿಗೆ ಬಂದರೆ "ತಪ್ಪಾಯ್ತು" ಎಂದು ಸರಿಪಡಿಸಿಕೊಂಡು ಮುಂದೆ ಹೋಗಿ, ವಿವರಣೆ ಕೊಡಲು ಹೋದಷ್ಟೂ ಮುಜುಗರ ಹೆಚ್ಚುತ್ತದೆ. ಹೋಲಿಕೆ ಬೇಡ, ಹೊಗಳುವ ಹೋಲಿಕೆಯೂ ಬೇಡ.

ಮದುವೆಯ ಆಲ್ಬಮ್ ಮತ್ತು ಗೋಡೆಯ ಫೋಟೋಗಳ ವಿಷಯ. ಕಣ್ಣಿಗೆ ಬೀಳುವ ಕಡೆಯಿಂದ ತೆಗೆಯುವ ಮುಂಚೆ ಮಗಳನ್ನು ಕೇಳಿ. ಹರಿಯಬೇಡಿ, ಸುಡಬೇಡಿ, ಕತ್ತರಿಯಲ್ಲಿ ಅರ್ಧ ಮಾಡಬೇಡಿ. ತೇವ ತಾಗದ ಒಂದು ಡಬ್ಬದಲ್ಲಿ ಹಾಕಿ, ಮೇಲೆ ಮೊಮ್ಮಗುವಿನ ಹೆಸರು ಬರೆದು ಅಟ್ಟದ ಮೇಲಿಡಿ. ಹದಿನೈದು ಇಪ್ಪತ್ತು ವರ್ಷವಾದ ಮೇಲೆ ಅಪ್ಪ ಅಮ್ಮ ಒಟ್ಟಿಗೆ ನಿಂತ ಫೋಟೋ ಇದೆಯಾ ಅಜ್ಜಿ ಎಂದು ಆ ಮಗುವೇ ಬಂದು ಕೇಳಬಹುದು.